ಭಾಳ ಮಡಿ ಮನೆತನ

ಮೊನ್ನೆ ಸಂಜೆ ಫೋನು ಬಂತು. ನನ್ನ ಮೊಮ್ಮಗಳು ಮಧುರಾ ಶಾಲೆಯವರ ಜೊತೆ ಪುಣೆಯ ಹತ್ತಿರದ ಭೋರಿನ ಕಡೆಯ ಗುಡ್ಡಗಳಿಗೆ ಮೂರು ದಿನದ ಶಿಬಿರಕ್ಕೆ ಹೋಗಿದ್ದಾಳೆ. ಹನ್ನೆರಡು ವರ್ಷದ ಹುಡುಗಿ. ಅಲ್ಲಿಯ ಯಾವುದೋ ಅಂಗಡಿಯಿಂದ ಫೋನು ಮಾಡಿ ಒಂದೇ ಮಾತು ಹೇಳಿ ಇಟ್ಟಳು: “ಅಜ್ಜಿ, ಸಾಬಾಣ ಮರ್ತು ಬಂದೀನಿ, ಅಮ್ಮಗ ಹೇಳಬ್ಯಾಡ.”

ನಾನು ಅವಳ ಅಮ್ಮನಿಗೆ ಹೇಳಿದೆ. ಮೇಲಿನ ಮನೆಯವರಿಗೆ ಹೇಳಿದೆ. ಬೆಳಿಗ್ಗೆ ಬಂದ ಹಾಲಿನವನಿಗೂ ನನ್ನ ಹರಕು ಮುರುಕು ಮರಾಠಿಯಲ್ಲಿ ಹೇಳಿದೆ, ನಮ್ಮ ಹುಡುಗಿ ಸಾಬೂನು ಮರೆತು ಶಿಬಿರಕ್ಕೆ ಹೋಗಿದ್ದಾಳಪ್ಪಾ ಎಂದು. ಅವನು ಹಾಲು ಅಳೆಯುವುದನ್ನು ಬಿಟ್ಟು ನನ್ನ ಮುಖ ನೋಡಿದ. ನೋಡಲಿ. ಹತ್ತು ಊರಿಗೆ ಸಕ್ಕರೆ ಹಂಚಬೇಕು ಅನ್ನಿಸುವಷ್ಟು ಸಂತೋಷ ನನಗೆ.

ಈ ಸಂತೋಷ ನಿಮಗೆ ತಿಳಿಯಬೇಕಾದರೆ ಮೊದಲು ಹೇಸಿಕೆ ತಿಳಿಯಬೇಕು. ನಾನು ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ರೋಗದ ದೊಡ್ಡ ಹೆಸರನ್ನು ಆಸ್ಪತ್ರೆಯ ಕಾಗದ ನೋಡಿಯೇ ಬರೆಯಬೇಕು, ಬರೆದರೂ ಉಪಯೋಗವಿಲ್ಲ. ನಮ್ಮ ಡಾಕ್ಟರಬಾಯಿ, “ಆಜಿ, ನಿಮ್ಮ ಭಾಷೆಯಲ್ಲಿ, ನಿಮ್ಮ ಮಂದಿಗೆ ತಿಳಿಯುವ ಹಾಗೆ ಬರೆಯಿರಿ. ನಿಮ್ಮಂಥ ಮನೆಗಳು ಇನ್ನೆಷ್ಟಿವೆಯೋ” ಅಂದರು. ಅದಕ್ಕೇ ವಹಿ ಹಿಡಿದು ಕುಳಿತಿದ್ದೇನೆ. ಮಧುರಾಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬಾರದು. ಹೀಗಾಗಿ ಮುಚ್ಚುಮರೆ ಇಲ್ಲದೆ ಬರೆಯಬಹುದು.

ಹಾಲಿನಲ್ಲಿ ಸತ್ತ ಜಿರಲೆ ಕಂಡರೆ ಹೊಟ್ಟೆ ತೊಳಸುತ್ತದಲ್ಲ, ಅದು ಹೇಸಿಕೆ. ನಿಮಗೆ ಹಾಲು ಚೆಲ್ಲಿದ ಮೇಲೆ ಅದು ಹೋಗುತ್ತದೆ. ನನಗೆ ಹೋಗುತ್ತಿರಲಿಲ್ಲ. ಹಾಲಿನಿಂದ ಪಾತ್ರೆಗೆ ಹತ್ತುತ್ತಿತ್ತು, ಪಾತ್ರೆಯಿಂದ ಕೈಗೆ, ಕೈಯಿಂದ ಸೆರಗಿಗೆ, ಸೆರಗು ತಾಗಿದ ಗೋಡೆಗೆ. ಗೋಡೆ ತೊಳೆದರೆ ತೊಳೆದ ನೀರು ಹರಿದ ನೆಲಕ್ಕೆ. ಬೇಯಿಸಿದ ಅನ್ನ ಮುಟ್ಟಿದ ಕೈ ಮುಸುರೆ, ನೀರು ಹಚ್ಚಿಕೊಳ್ಳದೆ ಬೇರೆ ಏನನ್ನೂ ಮುಟ್ಟಬಾರದು ಎನ್ನುವುದು ನಮ್ಮವರ ಎಲ್ಲ ಮನೆಗಳ ಪದ್ಧತಿ. ನನಗೆ ನಲ್ಲಿಯೇ ಮುಸುರೆ. ಕೈ ತೊಳೆಯಲು ನಲ್ಲಿ ತಿರುಗಿಸಬೇಕು, ತಿರುಗಿಸಿದ ಕೈ ಮೈಲಿಗೆಯಾಯಿತು, ಮತ್ತೆ ತೊಳೆಯಬೇಕು, ನಿಲ್ಲಿಸಲು ಮತ್ತೆ ಮುಟ್ಟಬೇಕು. ಎಲ್ಲಿಗೆ ಮುಗಿಯಬೇಕು ಹೇಳಿರಿ.

ಮದುವೆಯಾಗಿ ಬಾಗಲಕೋಟೆಯ ಕಡೆಯಿಂದ ಪುಣೆಗೆ ಬಂದಾಗ ನಮ್ಮದು ಹಳೆಯ ವಾಡೆಯಲ್ಲಿ ಎರಡು ಕೋಣೆಯ ಬಿಡಾರ. ಸಂಡಾಸು ಹತ್ತು ಮನೆಗೆ ಸೇರಿದ್ದು. ನಮ್ಮ ಮನೆಯವರು ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಸಂಜೆ ಅವರು ಬಂದರೆ ಬಾಗಿಲ ಹೊರಗೇ ನಿಲ್ಲಿಸಿ, ಪಂಚೆ ಕೊಟ್ಟು, ಬಟ್ಟೆ ಬಿಚ್ಚಿಸಿ, ತಲೆಯ ಮೇಲೆ ಮೂರು ಕೊಡ ನೀರು ಸುರಿಯುತ್ತಿದ್ದೆ. ಬಿಚ್ಚಿದ ಬಟ್ಟೆಯನ್ನು ಕೋಲಿನಿಂದ ಎತ್ತಿ ಬಕೀಟಿಗೆ ಹಾಕುತ್ತಿದ್ದೆ. ಚಳಿಗಾಲದಲ್ಲೂ ಹಾಗೇ. ಅವರು ಸಿಟ್ಟಾಗುವವರಲ್ಲ. ಆಚೀಚೆ ಮನೆಯವರು ಬಂದು ನೋಡುತ್ತಿದ್ದರೆ, “ಕಚೇರ್ಯಾಗ ನಾ ರಾವಸಾಹೇಬ, ಮನಿ ಬಾಗಿಲಾಗ ಎಮ್ಮಿ” ಎಂದು ನಗುತ್ತಿದ್ದರು.

ಇದನ್ನು ಯಾರೂ ರೋಗ ಅನ್ನಲಿಲ್ಲ. ಮಡಿ ಅಂದರು. ಪುಣೆಯ ನಮ್ಮ ಕನ್ನಡ ಮನೆಗಳಲ್ಲಿ ಶ್ರಾದ್ಧವಿದ್ದರೆ ಅಡಿಗೆಗೆ ನನ್ನನ್ನೇ ಕರೆಯುತ್ತಿದ್ದರು, ಇವಳ ಮಡಿ ಅಂದರೆ ಮಡಿ ಎಂದು. ನಾನು ಬಂದರೆ ಹೆಂಗಸರು ಸೆರಗು ಎಳೆದುಕೊಂಡು ದಾರಿ ಬಿಡುತ್ತಿದ್ದರು. ನನಗೆ ಅದು ಹಿಡಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಕೈಯ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಸುಲಿಯುತ್ತಿತ್ತು. ಬೆರಳ ಸಂದಿ ಒಡೆದು ಜೋಳದ ಹಿಟ್ಟಿನಲ್ಲಿ ರಕ್ತ ಇಳಿಯುತ್ತಿತ್ತು. ಆ ಹಿಟ್ಟು ಚೆಲ್ಲಿ, ಮತ್ತೆ ತೊಳೆದು, ಮತ್ತೆ ನಾದಿದರೆ ಮತ್ತಷ್ಟು ರಕ್ತ. ಅದನ್ನು ನೆನೆದರೆ ಈಗಲೂ ಬಾಯಲ್ಲಿ ನೀರು ಬಂದು ವಾಂತಿಯಾಗುವ ಹಾಗಾಗುತ್ತದೆ. ಆದರೆ ಆಗ ನಾನು ಪುಣ್ಯವಂತೆ.

ನಮ್ಮ ಒಬ್ಬನೇ ಮಗ ಶ್ರೀಧರ ಚಾಕಣದ ಕಡೆ ಮೋಟಾರಿನ ಬಿಡಿಭಾಗ ಮಾಡುವ ಕಾರಖಾನೆಯಲ್ಲಿ ಕೆಲಸಕ್ಕೆ ಸೇರಿದ. ಅವನಿಗೆ ಸವಿತಾಳನ್ನು ತಂದೆವು. ತೊಂಬತ್ತರ ದಶಕದ ಆರಂಭದಲ್ಲಿ ಮಧುರಾ ಹುಟ್ಟಿದಳು. ಅವಳು ಹುಟ್ಟಿದ ದಿನ ನನಗಾದ ಹಿಗ್ಗನ್ನು ಬರೆಯಲು ಈ ವಹಿ ಸಾಲದು. ಕೆಂಪಗೆ, ಮುಷ್ಟಿ ಬಿಗಿದುಕೊಂಡು, ಲೋಕಕ್ಕೇ ಸಿಟ್ಟು ಮಾಡಿಕೊಂಡವಳ ಹಾಗೆ ಮಲಗಿದ್ದಳು. ನಾನು ಎತ್ತಿಕೊಂಡೆ. ನಾಲ್ಕು ಸಲ ಸ್ನಾನ ಮಾಡಿ ಎತ್ತಿಕೊಂಡೆ.

ಅವಳು ಏಳು ವರ್ಷದವಳಿದ್ದಾಗ ಒಂದು ದಿನ, ಶಾಲೆಯಿಂದ ಬಂದವಳು ಚಪ್ಪಲಿ ಬಿಟ್ಟು ಅಂಗಾಲು ನೆಲಕ್ಕೆ ತಾಗಿಸದೆ ಹಿಮ್ಮಡಿಯ ಮೇಲೆ ಬಚ್ಚಲಿಗೆ ಓಡಿದಳು. ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು. ಆ ಸಲದ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರ ಮುಂದೆ, ಇವಳು ನನ್ನ ರಕ್ತ ನೋಡ್ರಿ ಎಂದು ಹೇಳಿಕೊಂಡೆ. ಅವಳು ತಟ್ಟೆ ಹಿಡಿದು ಯಾರ ಕೈಯೂ ತಾಗದ ಹಾಗೆ ಎಳ್ಳು ಬೆಲ್ಲ ಹಂಚಿದಳು. ಎಲ್ಲರೂ ದೃಷ್ಟಿ ನಿವಾಳಿಸಿದರು.

ಎರಡು ವರ್ಷದಲ್ಲಿ ಅದು ಬೆಳೆಯಿತು. ಬಚ್ಚಲಲ್ಲಿ ಒಂದು ತಾಸು ನಿಲ್ಲುತ್ತಿದ್ದಳು. ಶಾಲೆಯ ಬಾಗಿಲನ್ನು ಮೊಣಕೈಯಿಂದ ದೂಡುತ್ತಾಳೆ, ಬೆಂಚಿನ ಮೇಲೆ ಕೂರುವುದಿಲ್ಲ ಎಂದು ಟೀಚರು ಚೀಟಿ ಕಳಿಸಿದರು. ಅಪ್ಪ ಕಾರಖಾನೆಯ ಎಣ್ಣೆ ಹತ್ತಿದ ಅಂಗಿಯಲ್ಲಿ ಬರುತ್ತಾನೆ, ಆ ಅಂಗಿಯನ್ನು ಅಮ್ಮ ಒಗೆಯುತ್ತಾಳೆ, ಆದ್ದರಿಂದ ಅಮ್ಮ ಮಾಡಿದ್ದನ್ನು ತಿನ್ನಲಾರೆ ಅಂದಳು. ನನ್ನ ಕೈಯ ಅಡಿಗೆ ಮಾತ್ರ ತಿನ್ನುತ್ತಿದ್ದಳು. ಸವಿತಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ತಾಯಿಯಾದವಳು, ಮಗಳಿಗೆ ಒಂದು ತುತ್ತು ಕೊಡಲಾಗದೆ. ನಾನು ಒಳಗೊಳಗೇ ಖುಷಿಪಟ್ಟೆ. ಥೂ ಎಂದು ನನಗೆ ನಾನೇ ಉಗುಳಿಕೊಳ್ಳಬೇಕಾದ ಮಾತು ಇದು, ಆದರೂ ಬರೆದುಬಿಟ್ಟೆ.

ಆಮೇಲೆ ಒಂದು ಮಧ್ಯಾಹ್ನ ಜೋಳದ ಭಕ್ರಿ ತಟ್ಟಿ, ತುಪ್ಪ ಸವರಿ ತಟ್ಟೆಗೆ ಹಾಕಿದೆ. ಮಧುರಾ ತಟ್ಟೆ ನೋಡಲಿಲ್ಲ, ನನ್ನ ಬೆರಳು ನೋಡಿದಳು. ಮುಖ ಕಿವುಚಿಕೊಂಡು ಹಿಂದೆ ಸರಿದಳು.

“ಅಜ್ಜಿ, ನಿನ್ನ ಕೈಯಾಗ ರಕ್ತ ಅದ. ನನಗ ಬ್ಯಾಡ.”

ಅವಳ ಕೈಯೂ ಅಲ್ಲೇ ತಟ್ಟೆಯ ಪಕ್ಕದಲ್ಲಿತ್ತು. ಸುಲಿದ ಚರ್ಮ, ಒಡೆದ ಸಂದಿ. ಒಂದೇ ಕೈ ನೋಡ್ರಿ, ಒಂದು ದೊಡ್ಡದು, ಒಂದು ಸಣ್ಣದು. ಇಷ್ಟು ವರ್ಷ ನಾನು ಯಾರನ್ನು ನೋಡಿದರೂ ಹೇಗೆ ಮುಖ ಮಾಡುತ್ತಿದ್ದೆನೋ ಅದೇ ಮುಖವನ್ನು ನನ್ನ ಮೊಮ್ಮಗಳು ನನ್ನ ಕಡೆ ಮಾಡಿದ್ದಳು.

ಅಂದಿನಿಂದ ಅವಳು ಬೇಯಿಸಿದ್ದೇನನ್ನೂ ತಿನ್ನಲಿಲ್ಲ. ನಲ್ಲಿಗೆ ಬಾಯಿ ಹಚ್ಚದೆ ಮೇಲಿಂದ ಬೀಳುವ ನೀರನ್ನು ಕುಡಿಯುತ್ತಿದ್ದಳು, ಸಿಪ್ಪೆ ತಾನೇ ಸುಲಿದ ಬಾಳೆಹಣ್ಣು ಅರ್ಧ ತಿನ್ನುತ್ತಿದ್ದಳು. ನಾಲ್ಕನೆಯ ದಿನ ಶಾಲೆಯಲ್ಲಿ ತಲೆ ತಿರುಗಿ ಬಿದ್ದಳು. ಓಣಿಯ ಡಾಕ್ಟರು ಅವಳ ಕೈ ನೋಡಿ, ನನ್ನ ಕೈ ನೋಡಿ, ಶಿವಾಜಿನಗರದ ಕಡೆಯ ಒಂದು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಮನಸ್ಸಿನ ಡಾಕ್ಟರಿಗೆ. ಹುಚ್ಚರ ಡಾಕ್ಟರಿಗೆ ತೋರಿಸಿದರೆ ನಾಳೆ ಇವಳನ್ನು ಯಾರು ಮದುವೆಯಾಗುತ್ತಾರೆ ಎಂದು ನಾನು ಬಡಬಡಿಸಿದೆ. ಶ್ರೀಧರ ರಿಕ್ಷಾ ಕರೆದ.

ಆ ಆಸ್ಪತ್ರೆಯ ಕಾಯುವ ಕೋಣೆ. ರೆಕ್ಸಿನು ಹರಿದು ಒಳಗಿನ ಸ್ಪಂಜು ಕಪ್ಪಾಗಿದ್ದ ಬೆಂಚುಗಳು. ಗೋಡೆಯ ಮೂಲೆಯಲ್ಲಿ ಪಾನಿನ ಉಗುಳು. ಕೆಮ್ಮುವವರು, ಜೊಲ್ಲು ಸುರಿಸುವ ಒಬ್ಬ ಮುದುಕ, ಫಿನೈಲಿನ ಕೆಳಗೆ ಮೂತ್ರದ ವಾಸನೆ. ನಾನೂ ಮಧುರಾನೂ ಕೋಣೆಯ ನಡುವೆ ಸೀರೆ, ಲಂಗ ಎತ್ತಿ ಹಿಡಿದು, ಯಾವುದಕ್ಕೂ ತಾಗದ ಹಾಗೆ ನಿಂತೆವು. ಹೊಳೆ ದಾಟುವವರ ಹಾಗೆ. ನಾಲ್ಕು ದಿನ ಉಣ್ಣದ ಹುಡುಗಿ, ಆದರೂ ಕೂರಲೊಲ್ಲಳು. ನೆಲ ಒರೆಸುತ್ತಿದ್ದ ಹೆಂಗಸು ಸ್ವಲ್ಪ ಹೊತ್ತು ನಮ್ಮನ್ನು ನೋಡಿದಳು. ಎಲ್ಲಿಂದಲೋ ಹೊಸ ವೃತ್ತಪತ್ರಿಕೆ ತಂದು, ಮಡಿಕೆ ಬಿಚ್ಚಿ, ಒಳಗಿನ ಬದಿ ಮೇಲಾಗಿಸಿ ಬೆಂಚಿನ ಮೇಲೆ ಹಾಸಿದಳು. ತಾನು ಅದರ ನಡುಭಾಗ ಮುಟ್ಟಿಲ್ಲ ಎಂದು ತೋರಿಸಿ, “ಬಸಾ ಆಜಿ” ಅಂದಳು. ನಗಲಿಲ್ಲ, ಬಯ್ಯಲಿಲ್ಲ. ನಮ್ಮಂಥವರನ್ನು ಎಷ್ಟು ಮಂದಿಯನ್ನು ಕಂಡಿದ್ದಳೋ ಅವಳು. ಕುಳಿತ ಮೇಲೆ ತಲೆ ಎತ್ತಿದರೆ ಎದುರು ಬೆಂಚಿನಲ್ಲಿ ನಮ್ಮ ಪರಿಚಯದ ದೇಸಾಯಿ ಬಾಯಿ, ನನ್ನ ಹಾಗೆಯೇ ಸೆರಗಿನಿಂದ ಮುಖ ಮುಚ್ಚಿಕೊಂಡು. ಹಲ್ಲಿನ ಡಾಕ್ಟರು ಇಲ್ಲೇ ಏನ್ರಿ ಎಂದು ಆಕೆ ಕೇಳಿದರು. ನಾನೂ ಹಲ್ಲಿಗೇ ಬಂದೀನ್ರಿ ಅಂದೆ. ಮುಂದಿನ ತಿಂಗಳುಗಳಲ್ಲಿ ಮೊದಲು ಬಂದವರು ಇನ್ನೊಬ್ಬರಿಗೆ ಜಾಗ ಹಿಡಿಯುವಷ್ಟು ಗೆಳೆತನ ಬೆಳೆಯಿತು. ಹಲ್ಲಿನ ಮಾತನ್ನು ಮಾತ್ರ ಇಬ್ಬರೂ ಬಿಡಲಿಲ್ಲ, ಇವತ್ತು ಯಾವ ಹಲ್ಲು ಎಂದು ಕೇಳಿ ನಗುತ್ತೇವೆ.

ಡಾಕ್ಟರಬಾಯಿ ಮರಾಠಿಯವರು, ಐವತ್ತರ ಆಸುಪಾಸು. ಮಧುರಾಳ ತೂಕ ನೋಡಿ, ಕಣ್ಣು ನೋಡಿ, ಒಂದು ವಾರದಲ್ಲಿ ತಿನ್ನಲು ಶುರುಮಾಡದಿದ್ದರೆ ದಾಖಲು ಮಾಡಿಕೊಂಡು ಮೂಗಿನ ನಳಿಕೆಯಿಂದ ಅನ್ನ ಹಾಕಬೇಕಾಗುತ್ತದೆ ಅಂದರು. ಆಮೇಲೆ ನನ್ನ ಕಡೆ ತಿರುಗಿದರು. ನಾನು ಮೊದಲೇ ಹೇಳಿದೆ, ನನ್ನದು ಮಡಿ, ರೋಗವಲ್ಲ. ಅವರು ವಾದ ಮಾಡಲಿಲ್ಲ. ತಮ್ಮ ಅತ್ತೆಯೂ ಸೋವಳೆ, ಅಂದರೆ ನಮ್ಮ ಮಡಿ, ಮಾಡುತ್ತಿದ್ದರು, ಸ್ನಾನ ಮಾಡಿ, ಅಡಿಗೆ ಮಾಡಿ, ನೈವೇದ್ಯ ಆದಮೇಲೆ ಸೀರೆ ಬದಲಿಸಿ ಹರಟೆ ಹೊಡೆಯುತ್ತಿದ್ದರು ಅಂದರು. “ಆಜಿ, ನಿಮ್ಮ ಮಡಿ ಯಾವ ಹೊತ್ತಿಗೆ ಮುಗಿಯುತ್ತದೆ?”

ನನ್ನ ನಾದಿನಿ ಮಡಿಯಲ್ಲಿದ್ದವಳು, ಉಂಡಮೇಲೆ ಎಲೆಯಡಿಕೆ ಹಾಕಿಕೊಂಡು ಎಲ್ಲರ ತೊಡೆಯ ಮೇಲೆ ತಲೆಯಿಟ್ಟು ಮಲಗುವವಳು. ನನ್ನದು ನಲವತ್ತು ವರ್ಷದಲ್ಲಿ ಒಂದು ದಿನವೂ ಮುಗಿದಿರಲಿಲ್ಲ.

ಅವರು ಒಂದು ಬಿಳಿ ಹಾಳೆ ತೆಗೆದು, ಹೆಂಗಸಿಗೊಂದು ದುಂಡು, ಗಂಡಸಿಗೊಂದು ಚೌಕ ಎಳೆಯುತ್ತಾ, ಮೂರು ತಲೆಮಾರು ಹೇಳಿ ಅಂದರು. ಶ್ರಾದ್ಧದ ಮನೆಗಳಲ್ಲಿ ಮೂರು ತಲೆಮಾರಿನ ಹೆಸರು ಕೇಳಿ ಕೇಳಿ ರೂಢಿಯಾದವಳು ನಾನು. ಆದರೆ ಅಲ್ಲಿ ಹೆಸರು, ಗೋತ್ರ ಹೇಳಿದರೆ ಸಾಕು. ಇವರು, ಆ ಜನ ಬದುಕಿದ್ದಾಗ ಏನು ಮಾಡುತ್ತಿದ್ದರು ಎಂದು ಕೇಳಿದರು.

ನಮ್ಮ ಅವ್ವ ಒಲೆಗಿಡುವ ಕಟ್ಟಿಗೆಯನ್ನೂ ತೊಳೆಯುತ್ತಿದ್ದಳು. ಒಮ್ಮೆ ಉಪ್ಪನ್ನೂ ತೊಳೆದಳಂತೆ, ಕರಗಿಹೋಯಿತು. ಊರಲ್ಲಿ ಇದನ್ನು ಅವಳ ಮಡಿಯ ಹೆಚ್ಚುಗಾರಿಕೆ ಎಂದು ಹೇಳುತ್ತಿದ್ದರು, ನಾನೂ ಹೆಮ್ಮೆಯಿಂದಲೇ ಹೇಳಿದೆ. ಡಾಕ್ಟರಬಾಯಿ ಆ ದುಂಡನ್ನು ಪೆನ್ನಿನಿಂದ ಕಪ್ಪು ಮಾಡಿದರು. ಅವ್ವನ ತಮ್ಮ, ನಮ್ಮ ಸೋದರಮಾವ, ಬಾಗಿಲಿಗೆ ಕೀಲಿ ಹಾಕಿ ಸ್ಟೇಷನ್ನಿನ ತನಕ ಹೋಗಿ, ಬಿದ್ದಿದೆಯೋ ಇಲ್ಲವೋ ಎಂದು ತಿರುಗಿ ಬಂದು, ಗಾಡಿ ತಪ್ಪಿಸಿಕೊಳ್ಳುತ್ತಿದ್ದ. ಕೀಲಿ ಮಾಮಾ ಎಂದು ನಾವು ಚಾಷ್ಟಿ ಮಾಡುತ್ತಿದ್ದೆವು. ಕಪ್ಪು ಚೌಕ. ನಮ್ಮ ಅಕ್ಕ ತನ್ನ ಹುಬ್ಬಿನ ಕೂದಲನ್ನು ಒಂದೊಂದೇ ಕೀಳುತ್ತಿದ್ದಳು, ಮದುವೆಯ ದಿನ ಕಾಡಿಗೆಯಿಂದ ಹುಬ್ಬು ಬರೆದರು. ನಮ್ಮ ತಮ್ಮನಿಗೆ ಕಣ್ಣು ಪಟಪಟ ಬಡಿಯುವುದು, ಗಂಟಲಲ್ಲಿ ಸದ್ದು, ಅಣಕಿಸುತ್ತಾನೆಂದು ಮಾಸ್ತರರು ಹೊಡೆಯುತ್ತಿದ್ದರು. ಇವೆಲ್ಲ ಒಂದೇ ಅಲ್ಲ, ಆದರೆ ಒಂದೇ ಗಿಡದ ಟೊಂಗೆಗಳು ಎಂದು ಡಾಕ್ಟರಬಾಯಿ ಹೇಳಿದರು. ಮನೆತನದಲ್ಲಿ ಹರಿಯುತ್ತದೆ, ಎಲ್ಲರಿಗೂ ಬಂದೇ ಬರುತ್ತದೆ ಅಂತಲ್ಲ ಅಂದರು. ನಿಮ್ಮ ಮಗನನ್ನೇ ನೋಡಿ, ನಡುವೆ ಬಿಟ್ಟು ಮೊಮ್ಮಗಳಿಗೆ ಬಂದಿದೆ ಅಂದರು.

ಶ್ರೀಧರ ಇಷ್ಟು ಹೊತ್ತು ಬಾಗಿಲ ಹತ್ತಿರ ನಿಂತಿದ್ದ. ಮುಂದೆ ಬಂದು, ತನ್ನ ಖಾಲಿ ಚೌಕದ ಮೇಲೆ ಬೆರಳಿಟ್ಟು, ಇದನ್ನೂ ತುಂಬಿ ಎಂದು ಮರಾಠಿಯಲ್ಲಿ ಹೇಳಿದ. ಆಮೇಲೆ ನನ್ನ ಕಡೆ ನೋಡದೆ ಕನ್ನಡದಲ್ಲಿ ಹೇಳಿದ.

“ಅವ್ವಾ, ಓವರ್‌ಟೈಮ್ ಅಂತ ಹೇಳ್ತಿದ್ನಲ್ಲಾ, ಸುಳ್ಳು. ಅರ್ಧಾ ದಾರಿ ಬಂದು ಹೊಳ್ಳಿ ಕಾರಖಾನಿಗೆ ಹೋಗ್ತೀನಿ. ನಾ ಪಾಸ್ ಮಾಡಿದ್ದ ಬೋಲ್ಟು ಸಡ್ಲ ಇದ್ದು, ಯಾರರೆ ರಸ್ತಾದಾಗ ಸತ್ರ ಅಂತ. ಒಮ್ಮೊಮ್ಮಿ ಎರಡ ಸಲ ಹೋಗ್ತೀನಿ.”

ಅವನು ಕಾರಖಾನೆಯಲ್ಲಿ ತಪಾಸಣೆಯ ಕೆಲಸದಲ್ಲಿದ್ದ. ಇವನಷ್ಟು ಕಟ್ಟುನಿಟ್ಟು ಯಾರಿಲ್ಲ ಎಂದು ಅಲ್ಲಿ ಹಾರ ಹಾಕಿ ಸನ್ಮಾನ ಮಾಡಿದ್ದರು. ಆ ಫೋಟೋ ನಮ್ಮ ಗೋಡೆಯ ಮೇಲಿದೆ.

ಮನೆಗೆ ಬಂದು ಸವಿತಾಗೆ ಎಲ್ಲ ಹೇಳಿದೆವು. ಅವಳು ಮಾತು ಕಡಿಮೆಯವಳು. ಅಂದು ಬಾಯಿ ಬಿಟ್ಟಳು.

“ಗೋತ್ರ ಕೇಳಿದ್ರಿ, ನಕ್ಷತ್ರ ಕೇಳಿದ್ರಿ, ನನ್ನ ಹಲ್ಲ ನೋಡಿದ್ರಿ, ನಡಿಗಿ ನೋಡಿದ್ರಿ. ನಿಮ್ಮ ಮನ್ಯಾಗ ಹಿಂಗದ ಅಂತ ನಮಗೊಂದ ಮಾತು ಯಾಕ ಹೇಳಲಿಲ್ಲ ಅತ್ಯಾ?”

“ಹೇಳಿದ್ವಲ್ಲವಾ,” ಅಂದೆ. “ಭಾಳ ಮಡಿ ಮನೆತನ ಅಂತ ಹೇಳಿದ್ವಿ.”

“ಹೌದು, ಹೇಳಿದ್ರಿ,” ಅಂದಳು. “ನಮ್ಮಪ್ಪ ಅದಕ್ಕ ಖುಷಿಯಾಗಿ ಒಪ್ಪಿದಾ.”

ಆ ವಾರ ನಾನು ಪಟ್ಟ ಹೇಸಿಕೆಯ ಮುಂದೆ ಹಿಂದಿನದೆಲ್ಲ ಏನೂ ಅಲ್ಲ. ಜೀವಮಾನವೆಲ್ಲ ಹೊರಗಿನ ಹೊಲಸು ಒಳಗೆ ಬರಬಾರದೆಂದು ತಿಕ್ಕಿದೆ, ತೊಳೆದೆ. ಹೊಲಸು ನನ್ನ ನೆತ್ತರಲ್ಲೇ ಇತ್ತು. ಅವ್ವನಿಂದ ನನಗೆ, ನನ್ನಿಂದ ಮಗನಿಗೆ, ಮಗನಿಂದ ಕೂಸಿಗೆ ಕೈಯಿಂದ ಕೈಗೆ ಮುಸುರೆ ದಾಟಿದ ಹಾಗೆ ದಾಟಿದೆ, ಇದನ್ನು ಯಾವ ನೀರಿನಿಂದ ತೊಳೆಯಲಿ. ನನ್ನ ಮೈಯೇ ನನಗೆ ವಾಕರಿಕೆ ಬರಿಸುತ್ತಿತ್ತು. ಮಧುರಾಳ ಹತ್ತಿರ ಹೋಗುವುದನ್ನೇ ಬಿಟ್ಟೆ. ಅವಳು ಅಜ್ಜಿ ಎಂದು ಕರೆದರೆ ಇನ್ನೊಂದು ಕೋಣೆಗೆ ಹೋಗುತ್ತಿದ್ದೆ. ಅವಳು ಆಗಲೂ ತಿನ್ನುತ್ತಿರಲಿಲ್ಲ. ಡಾಕ್ಟರಬಾಯಿ ಕೊಟ್ಟ ಗುಳಿಗೆಯನ್ನು ಮಾತ್ರ ನುಂಗುತ್ತಿದ್ದಳು, ಅದು ಕೆಲಸ ಮಾಡಲು ವಾರಗಳು ಬೇಕೆಂದು ಅವರು ಮೊದಲೇ ಹೇಳಿದ್ದರು.

ಮೂರನೆಯ ದಿನ ಮತ್ತೆ ಹೋದೆವು. ಡಾಕ್ಟರಬಾಯಿ ನನ್ನ ಒಬ್ಬಳನ್ನೇ ಒಳಗೆ ಕರೆದರು. ನಾನು ನೆತ್ತರಿನ ಮಾತು ಹೇಳಿದೆ. ಅವರು ಅದಕ್ಕೆ, ನಿಮ್ಮ ಹತ್ತಿರ ಹಾಡುವ ಗಂಟಲಿದ್ದರೆ ಅದೂ ಹೋಗುತ್ತಿತ್ತು, ಆಗ ತಪ್ಪು ಮಾಡಿದೆ ಅನ್ನುತ್ತಿದ್ದಿರಾ ಎಂದು ಕೇಳಿದರು. ಹೆಪ್ಪು ಇದ್ದಮಾತ್ರಕ್ಕೆ ಮೊಸರಾಗುವುದಿಲ್ಲ, ಅದಕ್ಕೆ ಬೇರೆ ಬಿಸಿಯೂ ಬೇಕು, ಅದು ಯಾರ ಕೈಯಲ್ಲೂ ಇಲ್ಲ ಅಂದರು. ಈಗ ನಿಮ್ಮ ಕೈಯಲ್ಲಿರುವುದು ಒಂದೇ. ಮಧುರಾಗೆ ಅಪ್ಪನ ಕಾರಖಾನೆಯ ಅಂಗಿ ಮುಟ್ಟಿ, ಕೈ ತೊಳೆಯದೆ ಊಟ ಮಾಡು ಎಂದು ಹೇಳಿದ್ದೇನೆ, ಅದೇ ಅವಳಿಗೆ ಎಲ್ಲಕ್ಕಿಂತ ಹೆದರಿಕೆಯ ಕೆಲಸ. ಸಣ್ಣದರಿಂದ ಶುರುಮಾಡುವುದು ರೂಢಿ, ಆದರೆ ನಮಗೆ ಅಷ್ಟು ದಿನಗಳಿಲ್ಲ. ಅವಳು, ಅಜ್ಜಿ ಮಾಡಿದರೆ ಮಾಡುತ್ತೇನೆ ಅಂದಿದ್ದಾಳೆ ಎಂದರು.

ನನ್ನಿಂದ ಆಗುವುದಿಲ್ಲ ಅಂದೆ. ಈ ವಯಸ್ಸಿನಲ್ಲಿ ಬೇಡಿರಿ ಅಂದೆ. ಡಾಕ್ಟರಬಾಯಿ ಒತ್ತಾಯ ಮಾಡಲಿಲ್ಲ. ಈ ಹೇಸಿಕೆ ನಿಮ್ಮಿಂದ ಏನು ಕಸಿದುಕೊಂಡಿದೆ ಎಂದಷ್ಟೇ ಕೇಳಿದರು.

ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿದೆ. ನಮ್ಮ ಮನೆಯವರು ಎದೆನೋವಿನಿಂದ ಆಸ್ಪತ್ರೆಯಲ್ಲಿದ್ದಾಗ ಅವರು ನನ್ನ ಕಡೆ ಕೈ ಚಾಚಿದರು. ಆ ಕೈ ಕಾಟಿನ ಕಬ್ಬಿಣ ಮುಟ್ಟಿತ್ತು. ನಾನು ಹಿಡಿದೆ, ಹಿಡಿದು ಬಿಟ್ಟೆ. ತೊಳೆದುಕೊಂಡು ಬರುತ್ತೇನೆ ಎಂದು ಪಡಸಾಲೆಯ ನಲ್ಲಿಗೆ ಹೋದೆ. ತೊಳೆದೆ, ತೊಳೆದೆ. ಬರುವಷ್ಟರಲ್ಲಿ ಮುಖದ ಮೇಲೆ ಬಟ್ಟೆ ಎಳೆದಿದ್ದರು.

ಡಾಕ್ಟರಬಾಯಿ ನೀರಿನ ಲೋಟ ನನ್ನ ಕಡೆ ಸರಿಸಿದರು. ಆಸ್ಪತ್ರೆಯ ಲೋಟ. ನಾನು ಕುಡಿದೆ.

ಮಾರನೆಯ ದಿನ ಹನ್ನೊಂದು ಗಂಟೆಗೆ ನಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿದೆವು. ನಡುವೆ ಶ್ರೀಧರನ ಅಂಗಿ. ಕಾಲರಿಗೆ ಬೆವರಿನ ಕಟ್ಟು, ಎದೆಯ ಮೇಲೆ ಗ್ರೀಸಿನ ಕಲೆ, ಕಂಕುಳಲ್ಲಿ ಹಳದಿ. ನಾನೂ ಮಧುರಾನೂ ಆಚೆ ಈಚೆ ಕುಳಿತೆವು. ಶ್ರೀಧರನಿಗೂ ಡಾಕ್ಟರಬಾಯಿ ಅವನ ಪಾಲು ಕೊಟ್ಟಿದ್ದರು, ಗ್ಯಾಸಿನ ಕಿವಿ ಬಂದಾಗಿದೆಯೇ ಎಂದು ಒಂದೇ ಸಲ ನೋಡಿ ಬಂದು ಕುಳಿತುಕೊಳ್ಳುವುದು. ಅವನ ಕಾಲು ತಾಳ ಹಾಕುತ್ತಿತ್ತು. ಸವಿತಾ ನಾಲ್ಕು ಭಕ್ರಿ, ಬದನೆಕಾಯಿ ಪಲ್ಯ ಮಾಡಿಟ್ಟು, ಗೋಡೆಗೆ ಒರಗಿ ನಮ್ಮ ಮೂವರನ್ನೂ ನೋಡಿ, “ಈ ಮನ್ಯಾಗ ಶಾಣ್ಯಾಕಿ ನಾ ಒಬ್ಬಾಕಿನ ಅಂತ ಇವತ್ತ ಗೊತ್ತಾತು” ಅಂದಳು.

ಮೊದಲು ನಾನು ಇಟ್ಟೆ ಕೈ, ಎರಡೂ ಅಂಗೈ, ಗ್ರೀಸಿನ ಮೇಲೆ. ಒದ್ದೆ ನಾಯಿಯ ಮೈಮೇಲೆ ಕೈಯಿಟ್ಟ ಹಾಗಾಯಿತು. ಮೊಣಕೈವರೆಗೆ ಕೂದಲು ನಿಂತವು. ಮಧುರಾ ನನ್ನ ಕೈ ನೋಡುತ್ತಿದ್ದಳು. ಒಂದು ಬೆರಳಿಟ್ಟಳು, ತೆಗೆದಳು, ಮತ್ತೆ ಇಟ್ಟಳು. ಆಮೇಲೆ ಕಣ್ಣು ಮುಚ್ಚಿ ಇಡೀ ಕೈ ಇಟ್ಟಳು.

“ಅಜ್ಜಿ, ಹೊಟ್ಟ್ಯಾಗ ಹುಳಾ ಹರದಂಗ ಆಗ್ಲಿಕ್ಕತ್ತದ.”

“ನನಗೂ ಹಂಗ ಆಗ್ಲಿಕ್ಕತ್ತದ.”

“ಯಾವಾಗ ಹೋಗ್ತದ ಇದು?”

“ಗೊತ್ತಿಲ್ಲವಾ. ಹೋದ ಮ್ಯಾಲ ಉಣ್ಣೂದಲ್ಲಂತ. ಇರೂವಾಗನ ಉಣ್ಣೂದಂತ.”

ಅವಳು ಅಳತೊಡಗಿದಳು. ಮೂಗಿನಿಂದ ಸುರಿದದ್ದನ್ನು ಒರೆಸಿಕೊಳ್ಳಲು ಕೈ ಎತ್ತುವಂತಿಲ್ಲ, ಕೈ ಎತ್ತಿದರೆ ಬಚ್ಚಲಿಗೇ ಓಡುತ್ತೇನೆಂದು ಅವಳಿಗೂ ಗೊತ್ತು. ನನಗೂ ಕಾಲು ಬಚ್ಚಲ ಕಡೆಗೇ ಎಳೆಯುತ್ತಿದ್ದವು. ಯಾರೂ ಏಳಲಿಲ್ಲ. ಗಡಿಯಾರದ ಮುಳ್ಳು ಒಂದು ಸುತ್ತು ಬರುವುದಕ್ಕೆ ಎಷ್ಟು ಹೊತ್ತು ಬೇಕೆಂದು ನನಗೆ ತಿಳಿದದ್ದು ಅಂದೇ. ಸವಿತಾ ತಟ್ಟೆ ತಂದಿಟ್ಟಳು. ನಾನು ಅದೇ ಕೈಯಿಂದ ಭಕ್ರಿ ಮುರಿದೆ. ಬಿಳಿ ಭಕ್ರಿಯ ಮೇಲೆ ನನ್ನ ಹೆಬ್ಬೆರಳಿನ ಕಪ್ಪು ಗುರುತು ಬಿತ್ತು. ಬಾಯಿಗಿಟ್ಟೆ. ನ್ಯಾಯವಾಗಿ ಹೇಳಬೇಕೆಂದರೆ ವಾಂತಿ ಬಂತು, ನುಂಗಿದೆ, ಮತ್ತೆ ಅಗಿದೆ.

ಮಧುರಾ ತನ್ನ ತಟ್ಟೆಯನ್ನು ಬಹಳ ಹೊತ್ತು ನೋಡಿದಳು. ಚೂರು ಮುರಿದಳು, ಉಗುರಿನಷ್ಟು. ಬಾಯಿಗೆ ಹಾಕಿಕೊಂಡಳು. ಅವಳ ಗಂಟಲು ಮೇಲೆ ಹೋಗಿ ಕೆಳಗೆ ಬಂತು. ಸವಿತಾ ಸೆರಗು ಬಾಯಿಗೊತ್ತಿಕೊಂಡು ಅಡಿಗೆಮನೆಗೆ ಹೋದಳು. ಎಷ್ಟೋ ತಿಂಗಳ ಮೇಲೆ ಅವಳ ಕೈಯ ಅಡಿಗೆ ಅವಳ ಮಗಳ ಹೊಟ್ಟೆಗೆ ಹೋಗಿತ್ತು. ಅಂದು ಮಧುರಾ ಅರ್ಧ ಭಕ್ರಿ ತಿಂದಳು. ಮೂಗಿಗೆ ನಳಿಕೆ ಹಾಕುವ ದಿನ ಬರಲಿಲ್ಲ.

ಆಮೇಲೆ ಎಲ್ಲ ಸರಿಹೋಯಿತು ಎಂದು ಹೇಳಿ ನಿಮ್ಮನ್ನು ನಂಬಿಸುವುದಿಲ್ಲ. ಮೂರು ವರ್ಷ ಹಿಡಿಯಿತು. ನನಗೂ ಗುಳಿಗೆ ಶುರುಮಾಡಿದರು. ಅದರಿಂದ ಮೊದಮೊದಲು ನನಗೆ ನಿದ್ದೆ ಹತ್ತುತ್ತಿರಲಿಲ್ಲ, ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಪರೀಕ್ಷೆ ಬಂದರೆ ಅವಳ ತೊಳೆಯುವಿಕೆ ತಿರುಗಿ ಬರುತ್ತಿತ್ತು. ಗುಣವಾಯಿತೆಂದು ನಾನು ಒಂದು ಸಲ ಗುಳಿಗೆ ಬಿಟ್ಟೆ, ಹದಿನೈದು ದಿನದಲ್ಲಿ ಕೊಡೆ, ಬುಟ್ಟಿ ಎಲ್ಲ ತೊಳೆಯುತ್ತಾ ಕುಳಿತಿದ್ದೆ, ಮಧುರಾನೇ ಡಾಕ್ಟರಬಾಯಿಗೆ ಚಾಡಿ ಹೇಳಿದಳು. ಶ್ರೀಧರ ಕಾರಖಾನೆಯಿಂದ ಈಗ ಸಮಯಕ್ಕೆ ಬರುತ್ತಾನೆ, ಹೆಚ್ಚಿನ ದಿನ. ಮಡಿ ಬಿಟ್ಟಿರಾ ಎಂದು ಕೆಲವರು ಕೇಳುತ್ತಾರೆ. ಬಿಟ್ಟಿಲ್ಲ. ಬೆಳಿಗ್ಗೆ ಒಂದು ಸ್ನಾನ, ಮಡಿಸೀರೆ, ದೇವರ ನೈವೇದ್ಯ. ಹನ್ನೆರಡಕ್ಕೆ ಮುಗಿಯುತ್ತದೆ. ಮುಗಿದ ಮೇಲೆ ನಾನೂ ಅವರಿವರ ಮನೆಗೆ ಹೋಗಿ ಹರಟೆ ಹೊಡೆಯುತ್ತೇನೆ.

ಈ ಸಲ ದೀಪಾವಳಿ ಸೂಟಿ ಮುಗಿದು ಶಾಲೆ ತೆರೆದ ವಾರ, ಸಂಜೆ ಮೆಟ್ಟಿಲ ಮೇಲೆ ಹುಡುಗಿಯರ ನಗು ಕೇಳಿ ಹೊರಗೆ ಬಂದೆ. ಮಧುರಾ ಇಬ್ಬರು ಗೆಳತಿಯರ ನಡುವೆ ಕುಳಿತಿದ್ದಳು. ಕೈಯಲ್ಲಿ ಒಂದು ಪೇರಲಹಣ್ಣು, ಉಪ್ಪು ಖಾರ ಹಚ್ಚಿದ್ದು, ಮೂರು ಬಾಯಿ ಸುತ್ತಿ ಬಂದದ್ದು. ನನ್ನನ್ನು ಕಂಡವಳೇ ಎದ್ದು ಬಂದು ನನ್ನ ಬಾಯಿಗೆ ಹಿಡಿದಳು.

“ತಿನ್ನ ಅಜ್ಜಿ, ಭಾಳ ಸೀ ಅದ.”

ಹಣ್ಣಿನ ಮೇಲೆ ಹಲ್ಲಿನ ಗುರುತುಗಳು, ಯಾರದು ಯಾವುದೋ. ಎಂಜಲು ಮಿಂಚುತ್ತಿತ್ತು. ಕೆಂಪು ಖಾರದಲ್ಲಿ ರಸ್ತೆಯ ಧೂಳು. ಹಿಡಿದ ಬೆರಳಿನಲ್ಲಿ ಮಸಿ. ಹೊಟ್ಟೆಯ ಬುಡದಿಂದ ಆ ಹಳೆಯ ಹೇಸಿಕೆ ಎದ್ದಿತು, ಗಂಟಲವರೆಗೆ ಬಂತು, ಇವತ್ತಿಗೂ ಅದು ಎಲ್ಲಿಗೂ ಹೋಗಿಲ್ಲ ನೋಡ್ರಿ. ಮಧುರಾ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಿತ್ತು ನನಗೆ ಏನಾಗುತ್ತಿದೆಯೆಂದು, ಲೋಕದಲ್ಲಿ ಬೇರೆ ಯಾರಿಗೂ ಗೊತ್ತಾಗದಷ್ಟು.

ಅವಳು ಕಚ್ಚಿದಲ್ಲೇ ಕಚ್ಚಿದೆ. ಹಣ್ಣು ಸೀ ಇರಲಿಲ್ಲ, ಒಗರು, ಇನ್ನೂ ಮಾಗಿರಲಿಲ್ಲ. ಇನ್ನೊಂದು ಸಲ ಕಚ್ಚಿದೆ.